ಮಡಿಕೇರಿಗೆ ಬಂದ ಮೇಲೆ ಅಜ್ಜನ ಗಡಿಯಾರ ಹಿಂದೆ ಬೀಳ್ತಿದೆ. ಐನ್‌ಸ್ಟೈನ್ ಹೇಳಿದ್ದು ಉಲ್ಟಾನಾ?

ಮಂಜಿನೂರು:
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ನನ್ನದಲ್ಲ, ಒಂಬತ್ತನೇ ಕ್ಲಾಸಿನಲ್ಲಿರುವ ಮಗಳದ್ದು. ಉತ್ತರ ಗೊತ್ತಿಲ್ಲದೆ ಸಿಕ್ಕಿಬಿದ್ದಿರುವುದು ಮಾತ್ರ ನಾನು.

ಮಂಗಳೂರಿನ ಹಳೇ ಮನೆಯಲ್ಲಿ ನಮ್ಮಜ್ಜನ ಗೋಡೆ ಗಡಿಯಾರ ಇತ್ತು. ವಾರಕ್ಕೊಮ್ಮೆ ಕೀ ಕೊಡಬೇಕು, ಕೆಳಗೆ ಪೆಂಡುಲಮ್ ಆಡುತ್ತದೆ. ಅಲ್ಲಿದ್ದಷ್ಟು ದಿನ ಟೈಮ್ ಸರಿಯಾಗಿಯೇ ತೋರಿಸುತ್ತಿತ್ತು. ಹೋದ ವರ್ಷ ಮನೆ ಖಾಲಿ ಮಾಡುವಾಗ ಮಡಿಕೇರಿಗೆ ತಂದು ಹಾಕಿದೆವು. ಅವತ್ತಿನಿಂದ ವಾರಕ್ಕೆ ಹತ್ತಿರಹತ್ತಿರ ಒಂದು ನಿಮಿಷ ಹಿಂದೆ ಬೀಳುತ್ತಿದೆ. ಮೊದಲು ವಯಸ್ಸಾಯಿತು ಅಂದುಕೊಂಡೆ. ಆದರೆ ಪ್ರತಿ ವಾರವೂ ಅಷ್ಟೇ ಅಷ್ಟು.

ಮಗಳು ಐನ್‌ಸ್ಟೈನ್ ಬಗ್ಗೆ ಯಾವುದೋ ವಿಡಿಯೋ ನೋಡಿದ್ದಾಳೆ. ಎತ್ತರದಲ್ಲಿ ಗುರುತ್ವ ಕಮ್ಮಿ, ಅದಕ್ಕೇ ಅಲ್ಲಿ ಕಾಲ ಬೇಗ ಓಡುತ್ತದೆ ಅಂತ ಅದರಲ್ಲಿ ಹೇಳಿದರಂತೆ. "ಹಾಗಾದ್ರೆ ಅಜ್ಜನ ಗಡಿಯಾರ ಮುಂದೆ ಹೋಗ್ಬೇಕಿತ್ತಲ್ಲ ಪಪ್ಪಾ, ಹಿಂದೆ ಯಾಕೆ ಹೋಗ್ತಿದೆ?" ಅಂತಾಳೆ. ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಹರಟೆಮಲ್ಲ:
ಮಡಿಕೇರಿಯ ಚಳಿಗೆ ಮನುಷ್ಯರೇ ನಿಧಾನ ಆಗ್ತಾರೆ ಸ್ವಾಮಿ. ಗಡಿಯಾರದ್ದೇನು ತಪ್ಪು.

ಸ್ಪ್ರಿಂಗು ತಿರುಪು:
ನಮ್ಮಪ್ಪನ ಕಾಲದಿಂದ ರಿಪೇರಿ ಅಂಗಡಿ ಇದೆ, ಆ ಅನುಭವದ ಮೇಲೆ ಹೇಳ್ತೀನಿ. ಐನ್‌ಸ್ಟೈನ್ ಹತ್ತಿರ ಹೋಗುವ ಮೊದಲು ಮೂರು ವಿಷಯ ನೋಡಿ. ಒಂದು, ಗಡಿಯಾರ ಗೋಡೆ ಮೇಲೆ ನೆಟ್ಟಗೆ ಕೂತಿದೆಯಾ? ಟಿಕ್‌ಗೂ ಟಾಕ್‌ಗೂ ನಡುವಿನ ಅಂತರ ಸಮ ಇರಬೇಕು. ಕುಂಟುತ್ತಿದ್ದರೆ ಗಡಿಯಾರ ವಾಲಿದೆ ಅಂತ ಅರ್ಥ. ಎರಡು, ಒಳಗಿನ ಎಣ್ಣೆ ಗಟ್ಟಿಯಾಗಿದೆಯಾ? ಮೂರು, ಪೆಂಡುಲಮ್ಮಿನ ಕಡ್ಡಿ ಹಿತ್ತಾಳೆಯದ್ದೋ ಮರದ್ದೋ?

ಮೂರನೆಯದು ಯಾಕೆ ಅಂದರೆ, ಹಿತ್ತಾಳೆ ಕಡ್ಡಿ ಚಳಿಗೆ ಕುಗ್ಗುತ್ತದೆ. ಕಡ್ಡಿ ಗಿಡ್ಡ ಆದರೆ ಗಡಿಯಾರ ಮುಂದೆ ಓಡುತ್ತದೆ. ಒಂದು ಡಿಗ್ರಿ ತಂಪಾದರೆ ದಿನಕ್ಕೆ ಮುಕ್ಕಾಲು ಸೆಕೆಂಡಿನ ಮೇಲೆ ವ್ಯತ್ಯಾಸ ಬರುತ್ತದೆ. ಮಂಗಳೂರಿನ ಸೆಕೆಯಿಂದ ನಿಮ್ಮೂರಿಗೆ ಬಂದರೆ ಅದು ಮುಂದೆ ಹೋಗಬೇಕು. ನಿಮ್ಮದು ಹಿಂದೆ ಅಂತೀರಿ.

ಮಂಜಿನೂರು:
ಟಿಕ್ ಟಾಕ್ ಸಮ ಇದೆ. ಎಣ್ಣೆ ತರುವ ಮೊದಲೇ ಹಾಕಿಸಿದ್ದು. ಕಡ್ಡಿ ಮರದ್ದು ಸರ್, ಕೆಳಗೆ ಹಿತ್ತಾಳೆ ಬಿಲ್ಲೆ.

ಸ್ಪ್ರಿಂಗು ತಿರುಪು:
ಮರ ಅಂದರೆ ಚಳಿಗೆ ಅಷ್ಟು ಕುಗ್ಗುವುದಿಲ್ಲ. ಹಾಗಾದರೆ ಇದು ನನ್ನ ಕೈಯಲ್ಲಿಲ್ಲ. ಮೇಷ್ಟ್ರೇ, ಬನ್ನಿ.

ಪಿಯುಸಿ ಮೇಷ್ಟ್ರು:
ಬಂದೆ. ಪೇಪರ್ ತಿದ್ದುವುದು ಬಿಟ್ಟು ಬಂದಿದ್ದೇನೆ, ಹಾಗಾಗಿ ಸಂತೋಷವಾಗಿಯೇ ಬಂದೆ.

ಮಂಜಿನೂರು ಅವರೇ, ನಿಮ್ಮ ಗಡಿಯಾರ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಆದರೆ ಅದು ಅಳೆಯುತ್ತಿರುವುದು ಕಾಲವನ್ನಲ್ಲ, ಗುರುತ್ವವನ್ನ. ಪೆಂಡುಲಮ್ಮನ್ನು ಕೆಳಗೆ ಎಳೆಯುವುದು ಭೂಮಿ. ಎಳೆತ ಸ್ವಲ್ಪ ಕಮ್ಮಿಯಾದರೆ ಅದು ಸ್ವಲ್ಪ ಸೋಮಾರಿಯಾಗಿ ಆಡುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಬರೀ ಎತ್ತರದ ಲೆಕ್ಕ ಹಿಡಿದರೆ ದಿನಕ್ಕೆ 15 ಸೆಕೆಂಡ್ ಹಿಂದೆ ಬೀಳಬೇಕು. ಆದರೆ ನೀವು ಬಲೂನಿನಲ್ಲಿ ತೇಲುತ್ತಿಲ್ಲ, ಬೆಟ್ಟದ ಮೇಲೆ ಕೂತಿದ್ದೀರಿ. ಕೆಳಗಿರುವ ಆ ಬಂಡೆಯೂ ಎಳೆಯುತ್ತದೆ. ಅದನ್ನು ಸೇರಿಸಿದರೆ ಲೆಕ್ಕ 10 ಸೆಕೆಂಡಿನ ಹತ್ತಿರ ಬರುತ್ತದೆ. ವಾರಕ್ಕೆ ಒಂದು ನಿಮಿಷ ಚಿಲ್ಲರೆ. ನಿಮ್ಮ ಲೆಕ್ಕಕ್ಕೆ ತಾಳೆ ಆಯಿತಾ?

ಇದು ಹೊಸದೇನಲ್ಲ. 1672ರಲ್ಲಿ ಜಾನ್ ರಿಷೆ ಎಂಬ ಫ್ರೆಂಚ್ ವಿಜ್ಞಾನಿ ಪ್ಯಾರಿಸ್‌ನಿಂದ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ. ಪ್ಯಾರಿಸ್‌ನಲ್ಲಿ ಸರಿಯಿದ್ದ ಪೆಂಡುಲಮ್ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಸರಿ ಮಾಡಲು ಪೆಂಡುಲಮ್ಮನ್ನು ಸುಮಾರು 3 ಮಿಲಿಮೀಟರ್ ಗಿಡ್ಡ ಮಾಡಬೇಕಾಯಿತು. ಕಯೆನ್ ಇರುವುದು ಸಮಭಾಜಕದ ಹತ್ತಿರ. ಅಲ್ಲಿ ಭೂಮಿ ಹೊಟ್ಟೆ ಉಬ್ಬಿಸಿಕೊಂಡಿದೆ, ಮೇಲಾಗಿ ಜೋರಾಗಿ ತಿರುಗುತ್ತದೆ. ಹಾಗಾಗಿ ಎಳೆತ ಕಮ್ಮಿ. ಭೂಮಿ ಪೂರ್ತಿ ಗುಂಡಗಿಲ್ಲ ಎಂದು ವಾದಿಸಲು ಮುಂದೆ ನ್ಯೂಟನ್‌ಗೆ ಇದೇ ಗಡಿಯಾರ ನೆರವಾಯಿತು.

ಇನ್ನು ಐನ್‌ಸ್ಟೈನ್ ಪರಿಣಾಮ. ಅದೂ ಮಡಿಕೇರಿಯಲ್ಲಿ ಇದೆ, ನಿಮ್ಮ ಮಗಳು ಹೇಳಿದ ದಿಕ್ಕಿನಲ್ಲೇ ಇದೆ. ಮಂಗಳೂರಿಗಿಂತ ಅಲ್ಲಿ ಕಾಲ ಬೇಗ ಸಾಗುತ್ತದೆ. ಎಷ್ಟು? ದಿನಕ್ಕೆ ಸುಮಾರು 11 ನ್ಯಾನೋ ಸೆಕೆಂಡ್. ಒಂದು ನ್ಯಾನೋ ಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಗಡಿಯಾರ ಹಿಂದೆ ಬೀಳುತ್ತಿರುವುದು ಇದರ ಸುಮಾರು 80 ಕೋಟಿ ಪಟ್ಟು ಜಾಸ್ತಿ. ಜಾತ್ರೆ ಗದ್ದಲದಲ್ಲಿ ಇರುವೆ ಹೆಜ್ಜೆ ಕೇಳಿಸಿಕೊಳ್ಳುವ ಹಾಗೆ.

ರಾತ್ರಿ ಪಾಳಿ:
ಮೇಷ್ಟ್ರೇ, ನನಗೆ ಇಲ್ಲೇ ಮೊದಲಿಂದಲೂ ಅನುಮಾನ. ಪೆಂಡುಲಮ್ ಹಿಂದೆ ಬಿದ್ದರೆ "ಅದು ಗಡಿಯಾರದ ದೋಷ" ಅಂತೀರಿ. ಅಣುವಿನ ಕಂಪನ ಎಣಿಸಿ ಟೈಮ್ ಹೇಳುವ ಅಣು ಗಡಿಯಾರ ಮುಂದೆ ಹೋದರೆ "ಕಾಲವೇ ಬೇಗ ಓಡಿತು" ಅಂತೀರಿ. ಇದ್ಯಾವ ನ್ಯಾಯ? ಅಣು ಗಡಿಯಾರವೂ ಒಂದು ಮಷೀನೇ ಅಲ್ವಾ? ಎತ್ತರಕ್ಕೆ ಹೋದಾಗ ಅದಕ್ಕೂ ಏನೋ ಆಗುತ್ತದೆ ಅಂತ ಯಾಕೆ ಅನ್ನಬಾರದು?

ಪಿಯುಸಿ ಮೇಷ್ಟ್ರು:
ಇದು ಕೇಳಬೇಕಾದ ಪ್ರಶ್ನೆ. ಉತ್ತರ ಒಂದು ಪರೀಕ್ಷೆಯಲ್ಲಿದೆ. ಮಡಿಕೇರಿ ಮನೆಯಲ್ಲಿ ಅಜ್ಜನ ಗಡಿಯಾರದ ಪಕ್ಕ ಒಂದು ಕ್ವಾರ್ಟ್ಜ್ ವಾಚ್ ಇಡಿ. ಎರಡೂ ಒಂದೇ ಮನೆಯಲ್ಲಿದ್ದರೂ ಜಗಳ ಆಡುತ್ತವೆ. ಒಂದೇ ಜಾಗದಲ್ಲಿರುವ ಗಡಿಯಾರಗಳು ತಮ್ಮತಮ್ಮಲ್ಲೇ ಒಪ್ಪದಿದ್ದರೆ ದೋಷ ಯಾವುದೋ ಒಂದು ಗಡಿಯಾರದ್ದು.

ಈಗ ಬೇರೆ ಬೇರೆ ಜಾತಿಯ ಗಡಿಯಾರ ತನ್ನಿ. ಒಂದು ಸೀಸಿಯಮ್ ಅಣುವಿನದ್ದು, ಒಂದು ಸ್ಟ್ರಾನ್ಷಿಯಮ್ ಅಣುವಿನದ್ದು, ಒಂದು ಕಬ್ಬಿಣದ ನ್ಯೂಕ್ಲಿಯಸ್ಸಿನದ್ದು, ಒಂದು ತಾನಾಗಿ ಒಡೆದುಹೋಗುವ ಕಣದ್ದು. ಒಂದರ ಒಳಗಿನ ಕೆಲಸಕ್ಕೂ ಇನ್ನೊಂದರದ್ದಕ್ಕೂ ಸಂಬಂಧವಿಲ್ಲ. ಇವೆಲ್ಲ ಮೇಲೆ ಕೂತು ತಮ್ಮತಮ್ಮಲ್ಲಿ ಪೂರ್ತಿ ಒಪ್ಪುತ್ತವೆ. ಕೆಳಗಿರುವ ತಮ್ಮ ಜೋಡಿಗಳ ಜೊತೆ ಮಾತ್ರ ಎಲ್ಲವೂ ಒಂದೇ ಪ್ರಮಾಣದಲ್ಲಿ ಬೇರೆಯಾಗುತ್ತವೆ. ಆಗ ಎಲ್ಲಾ ಮಷೀನೂ ಒಟ್ಟಿಗೆ ಸೇರಿ ಒಂದೇ ಸುಳ್ಳು ಹೇಳುತ್ತಿವೆ ಅನ್ನಬೇಕು, ಇಲ್ಲವೇ ಕಾಲವೇ ಹಾಗಿದೆ ಅನ್ನಬೇಕು.

ಕಬ್ಬಿಣದ್ದನ್ನು 1960ರ ಹೊತ್ತಿಗೇ ನೋಡಿದ್ದಾರೆ. ಹಾರ್ವರ್ಡ್‌ನಲ್ಲಿ ಪೌಂಡ್ ಮತ್ತು ರೆಬ್ಕಾ, ಬರೀ 22.5 ಮೀಟರ್ ಎತ್ತರದ ಗೋಪುರ. ಮೊದಲ ಸಲವೇ ಲೆಕ್ಕಕ್ಕೆ ಸುಮಾರು 10 ಪರ್ಸೆಂಟ್ ಒಳಗೆ ತಾಳೆಯಾಯಿತು. ಸ್ಟ್ರಾನ್ಷಿಯಮ್ಮಿಗೆ ಟೋಕಿಯೋ ಸ್ಕೈಟ್ರೀ ಅನ್ನುವ ಗೋಪುರ. 450 ಮೀಟರ್ ಮೇಲೆ ಒಂದು, ನೆಲದಲ್ಲಿ ಒಂದು. ಮೇಲಿನದ್ದು ದಿನಕ್ಕೆ ನಾಲ್ಕು ನ್ಯಾನೋ ಸೆಕೆಂಡ್ ಚಿಲ್ಲರೆ ಮುಂದೆ. 2020ರಲ್ಲಿ ಪ್ರಕಟವಾಯಿತು.

ಚಿನ್ನದ ಗಣಿ ಮಗಳು:
ತಾನಾಗಿ ಒಡೆಯುವ ಕಣ ಅಂದಿರಲ್ಲ, ಅದು ನಮ್ಮೂರಿನ ಕಥೆ. ಅಪ್ಪ ಕೆಜಿಎಫ್‌ನಲ್ಲಿ ಕೆಲಸಕ್ಕಿದ್ದರು. ಬಾಂಬೆಯಿಂದ ಸೈಂಟಿಸ್ಟುಗಳು ಬಂದು ಗಣಿಯ ಪಾತಾಳದಲ್ಲಿ ಪೆಟ್ಟಿಗೆ ಇಟ್ಟು ಆಕಾಶದಿಂದ ಬರುವುದನ್ನು ಎಣಿಸುತ್ತಾರೆ ಅಂತ ಹೇಳುತ್ತಿದ್ದರು. ಆಕಾಶದ್ದನ್ನು ನೆಲದೊಳಗೆ ಎಣಿಸುವುದಾ ಅಂತ ನಾವು ನಗುತ್ತಿದ್ದೆವು. ದೊಡ್ಡವಳಾದ ಮೇಲೆ ಓದಿ ತಿಳಿದುಕೊಂಡೆ. ಬಾಂಬೆಯ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು 1950ರ ದಶಕದಿಂದಲೇ ಬೇರೆ ಬೇರೆ ಆಳದಲ್ಲಿ ಮ್ಯೂಆನ್ ಅನ್ನುವ ಆ ಒಡೆಯುವ ಕಣಗಳನ್ನು ಎಣಿಸುತ್ತಿದ್ದರು. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಅನ್ನುವ ಇನ್ನೊಂದು ಕಣದ ಗುರುತು ಸಿಕ್ಕಿತು.

ಮ್ಯೂಆನ್ ಹುಟ್ಟುವುದು ತಲೆ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಎತ್ತರದಲ್ಲಿ. ಅದರ ಆಯಸ್ಸು ಸರಾಸರಿ 2.2 ಮೈಕ್ರೋ ಸೆಕೆಂಡ್ (ಒಂದು ಮೈಕ್ರೋ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ 660 ಮೀಟರ್ ದಾಟುವುದಿಲ್ಲ. ಲೆಕ್ಕದ ಪ್ರಕಾರ ಅದು ನಂದಿಬೆಟ್ಟದ ತುದಿಗೂ ಬರಬಾರದು. ಬರುತ್ತದೆ, ನೆಲಕ್ಕೂ ಬರುತ್ತದೆ, ಕೆಲವು ಗಣಿಯೊಳಗೂ ಇಳಿಯುತ್ತವೆ. ವೇಗವಾಗಿ ಓಡುವುದರ ಕಾಲ ನಿಧಾನ ಆಗುವುದರಿಂದ.

ಪಿಯುಸಿ ಮೇಷ್ಟ್ರು:
ತುಂಬಾ ಚೆನ್ನಾಗಿ ಹೇಳಿದಿರಿ ಮೇಡಂ. ಇದರ ಅಂಕಿ ಕೊಡುತ್ತೇನೆ, ರಾತ್ರಿ ಪಾಳಿಯವರಿಗೆ ಬೇಕಾಗುತ್ತದೆ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಫ್ರಿಶ್ ಮತ್ತು ಸ್ಮಿತ್ 1,910 ಮೀಟರ್ ಎತ್ತರದ ಮೌಂಟ್ ವಾಷಿಂಗ್ಟನ್ ಮೇಲೆ ಗಂಟೆಗೆ ಸುಮಾರು 563 ಮ್ಯೂಆನ್ ಎಣಿಸಿದರು. ಕೆಳಗೆ ಸಮುದ್ರಮಟ್ಟಕ್ಕೆ ಬರುವಷ್ಟರಲ್ಲಿ ಹೆಚ್ಚಿನವು ಒಡೆದು 27 ಉಳಿಯಬೇಕಿತ್ತು. ಸಿಕ್ಕಿದ್ದು 408.

ರಾತ್ರಿ ಪಾಳಿ:
27 ಎಲ್ಲಿ, 408 ಎಲ್ಲಿ. ಸರಿ, ಮ್ಯೂಆನ್‌ಗೆ ಹಲ್ಲುಚಕ್ರ ಇಲ್ಲ, ಎಣ್ಣೆ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ. ಇದನ್ನ ಒಪ್ಪಿದೆ. ಆದರೆ ಇದು ವೇಗದ ಕಥೆ. ಗುರುತ್ವದ್ದು ಬೇರೆ ಅಲ್ವಾ? ಎರಡೂ ಒಟ್ಟಿಗೆ ಇದ್ದರೆ ಯಾವುದು ಗೆಲ್ಲುತ್ತದೆ?

ಆಕಾಶಬುಟ್ಟಿ:
ಇದಕ್ಕೆ ನಾನು ಹೇಳಬಹುದಾ? ಉಪಗ್ರಹ ನನ್ನ ಹುಚ್ಚು.

ಎಷ್ಟು ಎತ್ತರದಲ್ಲಿ ಸುತ್ತುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಬರೀ 400 ಕಿಲೋಮೀಟರ್ ಮೇಲಿದೆ, ಸೆಕೆಂಡಿಗೆ 7.66 ಕಿಲೋಮೀಟರ್ ಓಡುತ್ತದೆ. ವೇಗದಿಂದ ದಿನಕ್ಕೆ 28 ಮೈಕ್ರೋ ಸೆಕೆಂಡ್ ಹಿಂದೆ, ಎತ್ತರದಿಂದ ಮೂರೂವರೆ ಮುಂದೆ. ಅಲ್ಲಿ ವೇಗ ಗೆದ್ದಿತು. 2025ರಲ್ಲಿ ಶುಭಾಂಶು ಶುಕ್ಲಾ ಸುಮಾರು 20 ದಿನ ಬಾಹ್ಯಾಕಾಶದಲ್ಲಿದ್ದು ಬಂದರಲ್ಲ, ನಮಗಿಂತ ಸುಮಾರು ಅರ್ಧ ಮಿಲಿ ಸೆಕೆಂಡ್ ಚಿಕ್ಕವರಾಗಿ ಇಳಿದರು.

ಜಿಪಿಎಸ್ ಉಪಗ್ರಹ 20,200 ಕಿಲೋಮೀಟರ್ ಮೇಲೆ. ವೇಗದಿಂದ 7 ಹಿಂದೆ, ಎತ್ತರದಿಂದ 45 ಮುಂದೆ. ಒಟ್ಟು ದಿನಕ್ಕೆ 38 ಮೈಕ್ರೋ ಸೆಕೆಂಡ್ ಮುಂದೆ. ಅಲ್ಲಿ ಎತ್ತರ ಗೆದ್ದಿತು. ನಡುವೆ ಎಲ್ಲೋ ಒಂದು ಕಡೆ ಎರಡೂ ಸಮ ಆಗಬೇಕಲ್ಲ? ಭೂಮಿಯ ತ್ರಿಜ್ಯದ ಅರ್ಧದಷ್ಟು ಎತ್ತರ, ಅಂದರೆ ಸುಮಾರು 3,200 ಕಿಲೋಮೀಟರ್. ಅಲ್ಲಿ ಸುತ್ತುವ ಗಡಿಯಾರ ನೆಲದ ಗಡಿಯಾರದ ಜೊತೆ ಹೆಜ್ಜೆ ಹಾಕುತ್ತದೆ. ಈ ಲೆಕ್ಕ ಮೊದಲ ಸಲ ಕೈಯಲ್ಲಿ ಮಾಡಿದಾಗ ಎಷ್ಟು ಖುಷಿಯಾಯಿತು ಅಂದರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಯಾರಿಗೂ ಬೇಕಿರಲಿಲ್ಲ.

ಜಿಪಿಎಸ್ ಥರದ್ದೇ ನಮ್ಮ ದೇಶದ ನಾವಿಕ್ ಉಪಗ್ರಹಗಳು ಇನ್ನೂ ಮೇಲೆ, ಸುಮಾರು 36,000 ಕಿಲೋಮೀಟರ್. ನನ್ನ ಲೆಕ್ಕದಲ್ಲಿ ದಿನಕ್ಕೆ 51 ಮುಂದೆ, 4.5 ಹಿಂದೆ. ಒಟ್ಟು 46ರ ಆಸುಪಾಸು ಮುಂದೆ. ಇದನ್ನೆಲ್ಲ ಸರಿದೂಗಿಸುವ ಇಸ್ರೋದ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಪಕ್ಕ ಬ್ಯಾಲಾಳಿನಲ್ಲಿ. 2023ರ ಮೇ 29ಕ್ಕೆ ಹಾರಿದ ಎನ್‌ವಿಎಸ್-01ರಲ್ಲಿ ನಮ್ಮ ದೇಶದಲ್ಲೇ ಮಾಡಿದ ರುಬಿಡಿಯಮ್ ಗಡಿಯಾರ ಇದೆ. ಅದಕ್ಕೂ ಮೊದಲು ತರಿಸಿದ ಗಡಿಯಾರಗಳು ಕೈಕೊಟ್ಟು, ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದ ಮೂರೂ ಕೆಟ್ಟು ಕೂತಿದ್ದವು.

ರಾತ್ರಿ ಪಾಳಿ:
ಈ ತಿದ್ದುಪಡಿ ಮಾಡದಿದ್ದರೆ ಮ್ಯಾಪ್ ದಿನಕ್ಕೆ 10 ಕಿಲೋಮೀಟರ್ ತಪ್ಪು ತೋರಿಸುತ್ತದೆ ಅಂತ ಎಲ್ಲಾ ಕಡೆ ಬರೀತಾರೆ. ನಿಜಾನಾ?

ಆಕಾಶಬುಟ್ಟಿ:
ಅರ್ಧ ನಿಜ. 38 ಮೈಕ್ರೋ ಸೆಕೆಂಡಿನಲ್ಲಿ ಬೆಳಕು 11 ಕಿಲೋಮೀಟರ್ ಹೋಗುತ್ತದೆ, ಆ ಅಂಕಿ ಬಂದಿದ್ದು ಅಲ್ಲಿಂದ. ಆದರೆ ಎಲ್ಲಾ ಉಪಗ್ರಹವೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಮುಂದೆ ಹೋಗುತ್ತವೆ. ಎಲ್ಲದಕ್ಕೂ ಸಾಮಾನ್ಯವಾದ ತಪ್ಪನ್ನು ನಿಮ್ಮ ಫೋನು ತನ್ನದೇ ಗಡಿಯಾರದ ತಪ್ಪು ಅಂತ ತಿಳಿದು ಕಳೆದುಬಿಡುತ್ತದೆ. ಹಾಗಾಗಿ ಎರಡನೇ ದಿನವೇ ನೀವು ಮೆಜೆಸ್ಟಿಕ್ ಬದಲು ಕೆಂಗೇರಿಯಲ್ಲಿ ಇಳಿಯುವುದಿಲ್ಲ. ಆದರೂ ತಿದ್ದದೆ ಬಿಟ್ಟರೆ ವ್ಯವಸ್ಥೆ ಹಳಿ ತಪ್ಪುತ್ತದೆ.

ಇನ್ನೊಂದು ವಿಷಯ, ನಿಮ್ಮಂಥ ಅನುಮಾನದವರು ಅಲ್ಲೂ ಇದ್ದರು! 1977ರಲ್ಲಿ ಎನ್‌ಟಿಎಸ್-2 ಅನ್ನುವ ಪರೀಕ್ಷಾ ಉಪಗ್ರಹದಲ್ಲಿ ಸೀಸಿಯಮ್ ಗಡಿಯಾರ ಕಳಿಸಿದರು. ತಿದ್ದುವ ಸಾಧನವನ್ನೂ ಇಟ್ಟರು, ಆದರೆ ಆಫ್ ಮಾಡಿಟ್ಟರು. ಬೇಕಾದರೆ ಮಾತ್ರ ಆನ್ ಮಾಡೋಣ ಅಂತ. ಸುಮಾರು 20 ದಿನ ಹಾಗೇ ಬಿಟ್ಟು ನೋಡಿದರು. ಒಂದು ಲಕ್ಷ ಕೋಟಿಯಲ್ಲಿ 446.5 ಪಾಲು ಮುಂದೆ ಹೋಗಬೇಕು ಅಂತ ಲೆಕ್ಕ ಇತ್ತು. ಹೋಗಿದ್ದು 442.5. ಆಮೇಲೆ ಆನ್ ಮಾಡಿದರು.

ರಾತ್ರಿ ಪಾಳಿ:
ಸುಮ್ನೆ ಒಪ್ಪಿಬಿಡೋಣ ಅನ್ನಿಸ್ತಿದೆ ಈಗ.

ಹರಟೆಮಲ್ಲ:
ನೀವೆಲ್ಲ ಈಗ ಹೇಳ್ತಿರೋದನ್ನ ನಮ್ಮ ಪುರಾಣದಲ್ಲಿ ಆವಾಗಲೇ ಹೇಳಿದ್ದಾರೆ. ಕಕುದ್ಮಿ ರಾಜ ಮಗಳು ರೇವತಿಗೆ ಗಂಡು ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೀತಿತ್ತು, ಮುಗಿಯೋವರೆಗೆ ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದುಹೋಗಿತ್ತು. ನೋಡಿಟ್ಟಿದ್ದ ಗಂಡುಗಳೆಲ್ಲ ಸತ್ತು ಅವರ ಹೆಸರು ಹೇಳೋರೂ ಇರಲಿಲ್ಲ. ಕೊನೆಗೆ ಬಲರಾಮನಿಗೆ ಕೊಟ್ಟ.

ಪಿಯುಸಿ ಮೇಷ್ಟ್ರು:
ಕಥೆ ನನಗೂ ಇಷ್ಟ ಮಲ್ಲಣ್ಣ, ಕ್ಲಾಸಿನಲ್ಲಿ ಇದನ್ನೇ ಹೇಳಿ ಪಾಠ ಶುರು ಮಾಡುತ್ತೇನೆ. ಎಲ್ಲರಿಗೂ ಕಾಲ ಒಂದೇ ಥರ ಹರಿಯಬೇಕಾಗಿಲ್ಲ ಎಂದು ಕಲ್ಪಿಸಿಕೊಂಡಿದ್ದೇ ದೊಡ್ಡದು. ಆದರೆ ಒಂದು ತೊಡಕು ನೋಡಿ. ಬ್ರಹ್ಮಲೋಕ ಮೇಲಿದೆ. ಐನ್‌ಸ್ಟೈನ್ ಲೆಕ್ಕದಲ್ಲಿ ಮೇಲಿರುವವನ ಕಾಲ ಬೇಗ ಓಡಬೇಕು, ಕಕುದ್ಮಿ ಮುದುಕನಾಗಿ ಇಳಿಯಬೇಕಿತ್ತು. ಕಥೆಯಲ್ಲಿ ಉಲ್ಟಾ. ಜೋರಾಗಿ ಹೋಗಿಬಂದ ಅನ್ನೋಣವೆಂದರೆ, ಕಾಲ ಕಳೆದದ್ದು ಅವನು ಸುಮ್ಮನೆ ಕೂತು ಸಂಗೀತ ಕೇಳಿದ ಹೊತ್ತಿನಲ್ಲಿ. ಕಥೆಯನ್ನು ಕಥೆಯಾಗಿ ಇಟ್ಟುಕೊಳ್ಳೋಣ, ಅದಕ್ಕೇನು ಕಮ್ಮಿ ಇಲ್ಲ.

ಹರಟೆಮಲ್ಲ:
ಸಂಗೀತ ಅಷ್ಟು ಚೆನ್ನಾಗಿತ್ತು ಅಂತ ಕಾಣುತ್ತೆ ಬಿಡಿ.

ಚಿನ್ನದ ಗಣಿ ಮಗಳು:
ಮೇಷ್ಟ್ರೇ, ಹಾಗಾದರೆ ಗಣಿಯಲ್ಲಿ ಮೂರು ಕಿಲೋಮೀಟರ್ ಕೆಳಗೆ ಗುರುತ್ವ ಜಾಸ್ತಿ, ಅದಕ್ಕೇ ಕಾಲ ನಿಧಾನ. ಹೀಗೆ ಹೇಳಬಹುದಾ?

ಪಿಯುಸಿ ಮೇಷ್ಟ್ರು:
ಕಾಲ ನಿಧಾನ ಅನ್ನುವುದು ಸರಿ, ದಿನಕ್ಕೆ 28 ನ್ಯಾನೋ ಸೆಕೆಂಡಿನಷ್ಟು. "ಅದಕ್ಕೇ" ಅನ್ನುವುದು ತಪ್ಪು. ಮಂಜಿನೂರು ಅವರ ಮಗಳು ನೋಡಿದ ವಿಡಿಯೋದಲ್ಲೂ ಇದೇ ತಪ್ಪು, ಪಠ್ಯ ಬರೆಯುವವರೂ ಮಾಡುತ್ತಾರೆ.

ಸಂಪಾಜೆ ಘಾಟಿ ನೆನಪು ಮಾಡಿಕೊಳ್ಳಿ. ಈ ತಿರುವಿನಲ್ಲಿ ರಸ್ತೆ ಎಷ್ಟು ಕಡಿದು ಅನ್ನುವುದು ಒಂದು ಪ್ರಶ್ನೆ. ಮಡಿಕೇರಿಯಿಂದ ಒಟ್ಟು ಎಷ್ಟು ಕೆಳಗೆ ಇಳಿದಿದ್ದೇವೆ ಅನ್ನುವುದು ಬೇರೆ ಪ್ರಶ್ನೆ. ಗುರುತ್ವದ ಎಳೆತ ಅಂದರೆ ಮೊದಲನೆಯದು, ಪೆಂಡುಲಮ್ ಕೇಳುವುದು ಅದನ್ನ. ಕಾಲ ಕೇಳುವುದು ಎರಡನೆಯದನ್ನ. ಭೂಮಿಯ ನಟ್ಟನಡುವೆ ಹೋದರೆ ಎಳೆತ ಸೊನ್ನೆ, ಎಲ್ಲಾ ಕಡೆಯಿಂದಲೂ ಸಮವಾಗಿ ಎಳೆಯುತ್ತದೆ. ಘಾಟಿ ಇಳಿದು ಬಯಲಿಗೆ ಬಂದ ಹಾಗೆ. ರಸ್ತೆ ಮಟ್ಟಸ, ಆದರೆ ಅತಿ ಕೆಳಗಿನ ಜಾಗ ಅದೇ. ಹಾಗಾಗಿ ಕಾಲ ಅತಿ ನಿಧಾನ ಇರುವುದೂ ಅಲ್ಲೇ. ಡೆನ್ಮಾರ್ಕಿನ ವಿಜ್ಞಾನಿಗಳು 2016ರಲ್ಲಿ ಲೆಕ್ಕ ಹಾಕಿದರು. ಭೂಮಿ ಹುಟ್ಟಿದಾಗಿನಿಂದ ಇಲ್ಲಿಯವರೆಗೆ ಅದರ ನಡುಭಾಗ ಮೇಲ್ಮೈಗಿಂತ ಸುಮಾರು ಎರಡೂವರೆ ವರ್ಷ ಚಿಕ್ಕದು.

ಇನ್ನೊಂದು ತಮಾಷೆ. 1854ರಲ್ಲಿ ಏರಿ ಅನ್ನುವ ಖಗೋಳ ವಿಜ್ಞಾನಿ ಇಂಗ್ಲೆಂಡಿನ ಹಾರ್ಟನ್ ಕಲ್ಲಿದ್ದಲು ಗಣಿಯಲ್ಲಿ ಸುಮಾರು 380 ಮೀಟರ್ ಕೆಳಗೆ ಪೆಂಡುಲಮ್ ಇಟ್ಟ. ಅದು ಮೇಲಿನದಕ್ಕಿಂತ ದಿನಕ್ಕೆ ಎರಡೂಕಾಲು ಸೆಕೆಂಡ್ ಮುಂದೆ ಓಡಿತು. ಗಣಿಯೊಳಗೆ ಪೆಂಡುಲಮ್ ಮುಂದೆ, ಕಾಲ ಹಿಂದೆ. ಬೆಟ್ಟದ ಮೇಲೆ ಪೆಂಡುಲಮ್ ಹಿಂದೆ, ಕಾಲ ಮುಂದೆ. ಎರಡು ಕಡೆಯೂ ಅಜ್ಜನ ಗಡಿಯಾರ ಐನ್‌ಸ್ಟೈನ್‌ಗೆ ಬೆನ್ನು ತಿರುಗಿಸಿಯೇ ನಿಲ್ಲುತ್ತದೆ.

ಡಲ್ಲಾಸ್ ದೋಸೆ:
ತಡವಾಗಿ ಬಂದೆ. ನಾನು ವರ್ಷಕ್ಕೊಮ್ಮೆ ಬೆಂಗಳೂರಿಗೆ ಹಾರುವವನು. ನನ್ನ ವಯಸ್ಸಿಗೆ ಏನಾದರೂ ಲಾಭ ಇದೆಯಾ?

ಆಕಾಶಬುಟ್ಟಿ:
ಯಾವ ದಿಕ್ಕಿಗೆ ಹಾರುತ್ತೀರಿ ಅನ್ನುವುದರ ಮೇಲೆ! 1971ರ ಅಕ್ಟೋಬರ್‌ನಲ್ಲಿ ಹಾಫೆಲೆ ಮತ್ತು ಕೀಟಿಂಗ್ ನಾಲ್ಕು ಸೀಸಿಯಮ್ ಗಡಿಯಾರ ಹಿಡಿದುಕೊಂಡು ಮಾಮೂಲಿ ಪ್ರಯಾಣಿಕರ ವಿಮಾನದಲ್ಲೇ ಭೂಮಿ ಸುತ್ತಿದರು. ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ. ಗಡಿಯಾರಗಳಿಗೂ ಸೀಟಿನ ಟಿಕೆಟ್ ತೆಗೆದಿದ್ದರು. ಪೂರ್ವಕ್ಕೆ ಹೋದಾಗ ಅವು ಮನೆಯಲ್ಲಿದ್ದ ಗಡಿಯಾರಕ್ಕಿಂತ 59 ನ್ಯಾನೋ ಸೆಕೆಂಡ್ ಹಿಂದೆ ಬಿದ್ದವು. ಪಶ್ಚಿಮಕ್ಕೆ ಹೋದಾಗ 273 ಮುಂದೆ. ಎತ್ತರದ ಲಾಭ ಎರಡೂ ಸಲ ಇತ್ತು. ವ್ಯತ್ಯಾಸ ಬಂದಿದ್ದು ಭೂಮಿಯೇ ಪೂರ್ವಕ್ಕೆ ತಿರುಗುತ್ತಿರುವುದರಿಂದ. ಪೂರ್ವಕ್ಕೆ ಹಾರಿದರೆ ಆ ವೇಗ ನಿಮ್ಮದಕ್ಕೆ ಸೇರುತ್ತದೆ. ಪಶ್ಚಿಮಕ್ಕೆ ಹಾರಿದರೆ ಕಳೆಯುತ್ತದೆ, ನೆಲದ ಮೇಲೆ ಕೂತವನಿಗಿಂತ ನೀವೇ ನಿಧಾನ.

ಡಲ್ಲಾಸ್ ದೋಸೆ:
ಅಂದರೆ ಯಾವಾಗಲೂ ಪೂರ್ವಕ್ಕೇ ಹಾರಬೇಕು. ಟಿಕೆಟ್ ದುಡ್ಡಿಗೆ 59 ನ್ಯಾನೋ ಸೆಕೆಂಡ್. ಬೇಡ ಬಿಡಿ, ಕೂದಲಿಗೆ ಬಣ್ಣ ಹಾಕುವುದೇ ಅಗ್ಗ.

ಪಿಯುಸಿ ಮೇಷ್ಟ್ರು:
ಶೀರ್ಷಿಕೆಯಲ್ಲಿ ಐನ್‌ಸ್ಟೈನ್ ಹೇಳಿದ್ದು ಉಲ್ಟಾನಾ ಅಂತ ಕೇಳಿದ್ದೀರಿ. ಒಂದು ಕಡೆ ನಿಜವಾಗಿಯೂ ತಪ್ಪಿದ್ದ, ಅದನ್ನು ಹೇಳದೆ ಬಿಟ್ಟರೆ ಮೋಸ. 1905ರಲ್ಲಿ ಆತ ಬರೆದ: ಸಮಭಾಜಕದಲ್ಲಿರುವ ಗಡಿಯಾರ ಭೂಮಿಯ ಜೊತೆ ಜೋರಾಗಿ ತಿರುಗುತ್ತದೆ, ಹಾಗಾಗಿ ಧ್ರುವದಲ್ಲಿರುವ ಗಡಿಯಾರಕ್ಕಿಂತ ನಿಧಾನ ಓಡಬೇಕು. ಬರೀ ವೇಗದ ಲೆಕ್ಕಕ್ಕೆ ದಿನಕ್ಕೆ 100 ನ್ಯಾನೋ ಸೆಕೆಂಡಿನಷ್ಟು ವ್ಯತ್ಯಾಸ. ಆದರೆ ಅವು ಸಮುದ್ರಮಟ್ಟದಲ್ಲಿದ್ದರೆ ವ್ಯತ್ಯಾಸವೇ ಇಲ್ಲ. ತಿರುಗುವುದರಿಂದಲೇ ಭೂಮಿ ಸಮಭಾಜಕದಲ್ಲಿ ಸುಮಾರು 21 ಕಿಲೋಮೀಟರ್ ಉಬ್ಬಿದೆ. ಆ ಎತ್ತರದಿಂದ ಕಾಲ ಮುಂದೆ, ವೇಗದಿಂದ ಹಿಂದೆ, ಎರಡೂ ಕಾಸಿಗೆ ಕಾಸು ಚುಕ್ತಾ. ಗುರುತ್ವದ ಪಾಲು ಇದೆಯೆಂದು ಆತನಿಗೆ 1905ರಲ್ಲಿ ಹೊಳೆದಿರಲಿಲ್ಲ. 1907ರಲ್ಲಿ ಹೊಳೆಯಿತು.

ಮಂಜಿನೂರು:
ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಘಾಟಿಯ ಉದಾಹರಣೆ ಅವಳಿಗೆ ಥಟ್ಟಂತ ಹತ್ತಿತು, ಆ ರಸ್ತೆಯಲ್ಲಿ ವಾಂತಿ ಮಾಡಿದ್ದು ನೆನಪಿದೆ. ಈಗ ಅವಳ ಹೊಸ ಪ್ರಶ್ನೆ: ನಮ್ಮ ತಲೆಗೆ ಕಾಲಿಗಿಂತ ವಯಸ್ಸು ಜಾಸ್ತಿನಾ?

ಪಿಯುಸಿ ಮೇಷ್ಟ್ರು:
ಹೌದು ಅಂತ ಹೇಳಿ. 2010ರಲ್ಲಿ ಅಮೆರಿಕದ ಅಳತೆ-ಮಾನಗಳ ಸಂಸ್ಥೆ ಎನ್‌ಐಎಸ್‌ಟಿಯವರು ಅಣು ಗಡಿಯಾರವನ್ನು 33 ಸೆಂಟಿಮೀಟರ್ ಮೇಲೆತ್ತಿ ವ್ಯತ್ಯಾಸ ಕಂಡರು. 2022ರಲ್ಲಿ ಅಲ್ಲಿಯದೇ ಇನ್ನೊಂದು ತಂಡ ಒಂದು ಮಿಲಿಮೀಟರ್ ಒಳಗೇ ಕಂಡಿತು. ಅಂದರೆ ಅಕ್ಕಿ ಕಾಳಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಕಾಲ ಬೇರೆ. ತಲೆಕೆಳಗಾಗಿ ಮಲಗಿದರೆ ಸರಿಹೋಗುತ್ತದಾ ಅಂತ ಕೇಳಿದರೆ ನನ್ನ ಹೆಸರು ಹೇಳಬೇಡಿ.

ಸ್ಪ್ರಿಂಗು ತಿರುಪು:
ಎಲ್ಲಾ ಸರಿ, ಗಡಿಯಾರ ಸರಿ ಮಾಡೋದು ಯಾರು? ಬಿಲ್ಲೆಯ ಕೆಳಗೆ ಒಂದು ತಿರುಪು ಇರುತ್ತದೆ. ಬಿಲ್ಲೆ ಮೇಲೆ ಏರುವ ಹಾಗೆ ತಿರುಗಿಸಿ. ಸ್ವಲ್ಪವೇ ಸಾಕು.

ಮಂಜಿನೂರು:
ಅರ್ಧ ಸುತ್ತು ತಿರುಗಿಸಿದೆ. ಈಗ ದಿನಕ್ಕೆ ಅರ್ಧ ನಿಮಿಷ ಮುಂದೆ ಓಡ್ತಿದೆ!

ಸ್ಪ್ರಿಂಗು ತಿರುಪು:
ಸ್ವಲ್ಪವೇ ಅಂದಿದ್ದೆ. ಗೇಣುದ್ದದ ಪೆಂಡುಲಮ್ ಇದ್ದರೆ ನಿಮಗೆ ಬೇಕಿರುವುದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು, ಕಾಗದದ ಅರ್ಧ ದಪ್ಪ. ವಾಪಸ್ ತಿರುಗಿಸಿ, ಸುತ್ತಿನ ಹತ್ತನೇ ಒಂದು ಭಾಗ ಮಾತ್ರ ಉಳಿಸಿ. ಎರಡು ದಿನ ಬಿಟ್ಟು ನೋಡಿ, ದಿನಾ ಕೈ ಹಾಕಬೇಡಿ.

ಮಂಜಿನೂರು:
ಎರಡು ವಾರ ಆಯಿತು. ಈಗ ವಾರಕ್ಕೆ ನಾಲ್ಕೈದು ಸೆಕೆಂಡ್ ಅಷ್ಟೇ. ಮಗಳು ಪುಟ್ಟ ಚೀಟಿ ಬರೆದು ಗಡಿಯಾರದ ಬಾಗಿಲ ಒಳಗೆ ಅಂಟಿಸಿದ್ದಾಳೆ: "ಮಡಿಕೇರಿಗೆ ಹೊಂದಿಸಿದ್ದು. ಮಂಗಳೂರಿಗೆ ಒಯ್ದರೆ ತಿರುಪು ಕಾಗದದ ಅರ್ಧ ದಪ್ಪ ಕೆಳಗೆ. 11 ನ್ಯಾನೋ ಸೆಕೆಂಡಿಗೆ ತಿರುಪು ಇಲ್ಲ."

ಸ್ಪ್ರಿಂಗು ತಿರುಪು:
ಚೀಟಿ ಪೆಂಡುಲಮ್ಮಿಗೆ ತಾಗದಂತೆ ನೋಡಿಕೊಳ್ಳಿ.